ದೇಶ ನೋಡೆಂದು ಕರೆದ ಚಿತ್ರಗಳು

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಮಾತು. ಇದನ್ನು ಅಚ್ಚುಹಾಕಿಸಿ ಗೋಡೆಗೆ ಅಂಟಿಸಿದವರಿಲ್ಲ. ಇದರಿಂದ ಹಣ ಗಳಿಸಿದ ವರ್ತಕನೂ ಇಲ್ಲ. ಈ ಉಪದೇಶದ ಮೊದಲರ್ಧವನ್ನೇ ಬಣ್ಣದ ಚಿತ್ರವಾಗಿ ಬರೆಯಿಸಿ, ಅದರಡಿಯಲ್ಲಿ ಎಣ್ಣೆಯ ಹೆಸರನ್ನೋ ಟೈರಿನ ಹೆಸರನ್ನೋ ಮೂಡಿಸಿದ ಜಾಣತನ ಪಾಶ್ಚಾತ್ಯ ವ್ಯಾಪಾರಿಗಳದು. ಮೋಟಾರು ಪ್ರವಾಸವನ್ನು ಸಾರಿದ ಆ ಹಳೆಯ ಭಿತ್ತಿಪತ್ರಗಳನ್ನು ಇಂದು ವಸ್ತುಸಂಗ್ರಹಾಲಯಗಳು ಜೋಪಾನಮಾಡುತ್ತಿವೆ. ಅವುಗಳಿಂದ ನಮ್ಮ ತೆಂಗಿನ ನಾಡು ಕಲಿಯತಕ್ಕ ಪಾಠವೊಂದುಂಟು.

ಮೊದಲು ಆ ವ್ಯಾಪಾರದ ಮರ್ಮವನ್ನು ತಿಳಿಯೋಣ. 1900ರಲ್ಲಿ ಫ್ರಾನ್ಸಿನಲ್ಲಿದ್ದ ಮೋಟಾರುಗಳು ಮೂರು ಸಾವಿರಕ್ಕೂ ಕಡಮೆ. ಆಗಲೇ ಟೈರು ತಯಾರಕರಾದ ಮಿಶೆಲಿನ್ ಸೋದರರು ಮಾರ್ಗದರ್ಶಿ ಪುಸ್ತಕವೊಂದರ ಸುಮಾರು 35,000 ಪ್ರತಿಗಳನ್ನು ಅಚ್ಚುಹಾಕಿಸಿ ಉಚಿತವಾಗಿ ಹಂಚಿದರು. ಜನರು ಊರು ಬಿಟ್ಟು ಹೊರಟರೆ ಟೈರು ಸವೆಯುವುದು. ಸವೆದರೆ ಹೊಸದು ಮಾರುವುದು! ಇಂಗ್ಲೆಂಡಿನಲ್ಲಿ ಷೆಲ್ ಎಣ್ಣೆ ಕಂಪೆನಿಯು 1930ರ ದಶಕದಲ್ಲಿ ಪಾಲ್ ನ್ಯಾಷ್, ಗ್ರಹಾಂ ಸದರ್ಲೆಂಡ್ ಮೊದಲಾದ ಚಿತ್ರಕಾರರಿಂದ ಆ ನಾಡಿನ ಬಯಲುಗಳನ್ನೂ ಹಳೆಯ ಕಟ್ಟಡಗಳನ್ನೂ ಬರೆಯಿಸಿತು. ಅದರ ನಡತೆಯಲ್ಲಿ ಮೆಚ್ಚತಕ್ಕದ್ದೊಂದಿದೆ. ದಾರಿಬದಿಯ ಫಲಕಗಳು ಗ್ರಾಮಾಂತರದ ಚೆಲುವನ್ನು ಕೆಡಿಸುವುವೆಂಬ ಆಕ್ಷೇಪಣೆ ಎದ್ದಾಗ, ಕಂಪೆನಿಯು ಅವನ್ನು ತೆಗೆಸಿ ಚಿತ್ರಗಳನ್ನು ತನ್ನ ಲಾರಿಗಳ ಪಕ್ಕಗಳಲ್ಲಿ ಪ್ರದರ್ಶಿಸಿತು. ನೋಡಬೇಕಾದುದನ್ನು ಮರೆಮಾಡಿ ‘ನೋಡಬನ್ನಿ’ ಎನ್ನುವುದು ಅಸಂಗತವೆಂದು ವರ್ತಕನಿಗೂ ಹೊಳೆಯಿತು.

ನಮ್ಮ ದೇಶದಲ್ಲಿ ಇದೇ ಕಾಲದಲ್ಲಿ ರೈಲ್ವೆಯವರ ಭಿತ್ತಿಪತ್ರಗಳು ಕೋಟೆ, ಅರಮನೆ, ದೇಗುಲಗಳನ್ನು ತೋರಿಸಿ ಹೊರನಾಡಿನ ಸಿರಿವಂತರನ್ನು ಕರೆದುವು. ಮೋಟಾರೋ ಪರದೇಶದ್ದು, ನಮ್ಮದಾಗಿದ್ದುದು ನೋಟ, ಧೂಳು ಮಾತ್ರ. ಈ ಪರಾಧೀನತೆಯನ್ನು ಕಂಡೇ ಸರ್ ಎಂ. ವಿಶ್ವೇಶ್ವರಯ್ಯನವರು ಸ್ವದೇಶೀ ಮೋಟಾರು ಕಾರ್ಖಾನೆಗಾಗಿ ವರ್ಷಗಟ್ಟಲೆ ಶ್ರಮಿಸಿದರು. ಮೈಸೂರು ಸಂಸ್ಥಾನವು ನೆರವಿಗೆ ಮುಂದಾದರೂ ಅಂದಿನ ಭಾರತ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ.

ಆ ಪರಾಧೀನತೆ ಕಳೆಯಿತು. ಆದರೆ ನಮ್ಮ ನೋಟವನ್ನು ನಾವೇ ಅರಿತೆವೆ? ತುಮಕೂರು, ತಿಪಟೂರು, ಅರಸೀಕೆರೆಗಳ ಹೆದ್ದಾರಿಯಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗುವ ಕಾರುಗಳು ನಮ್ಮ ತೋಟಗಳ ನಡುವೆಯೇ ಹಾದುಹೋಗುವುವು. ಆ ಎರಡು ಊರುಗಳ ದೇವಾಲಯಗಳೂ ಸೋಮನಾಥಪುರವೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದುದು ಕನ್ನಡಿಗರೆಲ್ಲರ ಭಾಗ್ಯ. ಆದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ, ಕಲ್ಲೇಶ್ವರನ ಗುಡಿಯ ಮೇಲ್ಛಾವಣಿಯಲ್ಲಿ ದಿಕ್ಪಾಲಕರ ನಡುವೆ ನರ್ತಿಸುವ ಶಿವನನ್ನು ಕಂಡವರೆಷ್ಟು ಮಂದಿ? ತುರುವೇಕೆರೆಯ ಚೆನ್ನಕೇಶವನನ್ನು, 1286ರಲ್ಲಿ ಎದ್ದ ವಿಘ್ನಸಂತೆಯ ಲಕ್ಷ್ಮೀನರಸಿಂಹನ ತ್ರಿಕೂಟವನ್ನು ಕೇಳಿ ಬರುವವರೆಷ್ಟು ಮಂದಿ? ಚಿಕ್ಕನಾಯಕನಹಳ್ಳಿಯ ಸೀಮೆಯ ತೋಟಗಳೂ ಗುಡ್ಡಗಳೂ ಯಾವ ಚಿತ್ರಕಾರನಿಗೆ ಸಾಲವು? ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು, ನೀರಿಂಗಿ, ಚಿಪ್ಪಿನೊಳಗೇ ಉಂಡೆಯಾಗುವ ಕೊಬ್ಬರಿ ನಮಗೆ ನಿತ್ಯದ ಸಂಗತಿ, ದೂರದವನಿಗೆ ಅಚ್ಚರಿ.

ಜನ ಬಂದರೆ ಗದ್ದಲವೂ ಕಸವೂ ಬರುವುವೆಂದು ಕೆಲವರು ಹೇಳಬಹುದು. ಆ ಭಯ ಸುಳ್ಳಲ್ಲ. ಆದರೆ ಯಾರೂ ಕಾಲಿಡದ ಗುಡಿಯ ಗೋಡೆಯಲ್ಲಿ ಆಲದ ಸಸಿ ಬೇರುಬಿಟ್ಟರೆ ಕೀಳುವವರಾರು? ಕಾಣುವ ಕಣ್ಣಿದ್ದಲ್ಲಿ ಕಾಯುವ ಕೈಯೂ ಇರುವುದು.

ಆದುದರಿಂದ ಪುರಸಭೆಗಳಿಗೂ ತಾಲ್ಲೂಕು ಅಧಿಕಾರಿಗಳಿಗೂ ನಮ್ಮದೊಂದು ಬಿನ್ನಹ. ತೋಪುಗಳನ್ನು ಮರೆಮಾಡುವ ಆಳೆತ್ತರದ ಜಾಹೀರಾತು ಫಲಕಗಳನ್ನು ಇನ್ನಷ್ಟು ನೆಡಬೇಡಿ. ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಕೊಬ್ಬರಿ ಮಾರುಕಟ್ಟೆಯಲ್ಲಿ ಒಂದೊಂದು ಚೆಲುವಾದ ಚಿತ್ರವನ್ನು ಹಾಕಿಸಿ. ನಮ್ಮ ಶಾಲೆಗಳ ಚಿತ್ರಕಲಾ ಉಪಾಧ್ಯಾಯರು ಅದನ್ನು ಬರೆಯಲಾರರೆ? ಅದರ ಕೆಳಗೆ ಎಣ್ಣೆಯ ಹೆಸರು ಬೇಡ. ಊರಿನ ದಾರಿ, ದೂರ, ಗುಡಿಯ ಬಾಗಿಲು ತೆರೆವ ಹೊತ್ತು, ಬೀಗದ ಕೈ ಯಾರ ಬಳಿ ಇದೆಯೆಂಬುದು, ಇಷ್ಟು ಕನ್ನಡದಲ್ಲಿ ಸ್ಪಷ್ಟವಾಗಿದ್ದರೆ ಸಾಕು.

ಆ ಚಿತ್ರ ಮೊದಲು ಕರೆಯಬೇಕಾದುದು ಪರಸ್ಥಳದವರನ್ನಲ್ಲ, ತಿಪಟೂರಿನಲ್ಲೇ ಹುಟ್ಟಿ ಅರಳಗುಪ್ಪೆಯನ್ನು ಕಾಣದ ನಮ್ಮ ಮಕ್ಕಳನ್ನು. ದೇಶ ಸುತ್ತುವ ಕಾರ್ಯ ಮನೆಯ ಹೊಸಿಲಿನಿಂದಲೇ ಮೊದಲಾಗಲಿ.