ಮೇಜಿನ ಗಣಕಯಂತ್ರ ಚಾಲನೆಗೊಳ್ಳದಿದ್ದಾಗ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಿಂದ ಪರದೆಯ ಮೇಲೆ ಕಡತಗಳು ಗೋಚರಿಸುವವರೆಗೆ ಹಲವು ಕಾರ್ಯಗಳು ಒಂದರ ಬೆನ್ನಿಗೆ ಒಂದರಂತೆ ನಡೆಯುತ್ತವೆ. ಮೊದಲಿಗೆ ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಘಟಕವು ಮನೆಯ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳ ಡಿ.ಸಿ. ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಬಳಿಕ ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ನೆಲೆಸಿರುವ ಬಯಾಸ್ ಎಂಬ ಕಿರು ತಂತ್ರಾಂಶವು ಪ್ರೊಸೆಸರ್, ರ‍್ಯಾಮ್, ಕೀಲಿಮಣೆ ಮೊದಲಾದವುಗಳನ್ನು ಪರೀಕ್ಷಿಸುತ್ತದೆ. ಕೊನೆಯಲ್ಲಿ ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್ ವ್ಯವಸ್ಥೆಯು ಕಾರ್ಯಾರಂಭ ಮಾಡುತ್ತದೆ. ಯಂತ್ರವು ಇವುಗಳಲ್ಲಿ ಯಾವ ಹಂತದವರೆಗೆ ಬಂದು ನಿಂತಿತೆಂಬುದನ್ನು ಗಮನಿಸಿದರೆ ದೋಷದ ಜಾಡು ಬಹುಮಟ್ಟಿಗೆ ದೊರೆಯುತ್ತದೆ. ಅದನ್ನು ಗಮನಿಸದೆ, ದುರಸ್ತಿ ಅಂಗಡಿಗೆ ಒಯ್ದು "ಫಾರ್ಮ್ಯಾಟ್ ಮಾಡಿಬಿಡಿ" ಎನ್ನುವವರೇ ಹೆಚ್ಚು. ಹಾಗೆ ಮಾಡಿದಾಗ ವರ್ಷಗಟ್ಟಲೆ ಕೂಡಿಟ್ಟ ಲೆಕ್ಕಪತ್ರ, ಪ್ರಬಂಧ, ಛಾಯಾಚಿತ್ರಗಳು ಯಂತ್ರದಲ್ಲಿ ಕೆಟ್ಟದ್ದೇನೆಂದು ತಿಳಿಯುವ ಮೊದಲೇ ಅಳಿಸಿಹೋಗುತ್ತವೆ.

ಗುಂಡಿ ಒತ್ತಿದರೂ ದೀಪ ಬೆಳಗದೆ, ಫ್ಯಾನ್ ತಿರುಗದೆ ಇದ್ದಲ್ಲಿ ದೋಷವು ವಿದ್ಯುತ್ತಿನ ಹಾದಿಯಲ್ಲಿದೆಯೆಂದು ತಿಳಿಯಬಹುದು. ಅದೇ ಪ್ಲಗ್ ಪಾಯಿಂಟಿಗೆ ಮೇಜಿನ ದೀಪವೊಂದನ್ನು ಜೋಡಿಸಿ ನೋಡಬೇಕು. ಯು.ಪಿ.ಎಸ್. ಇದ್ದರೆ ಅದನ್ನು ಬಿಟ್ಟು ಗೋಡೆಯ ಪ್ಲಗ್‌ಗೆ ನೇರವಾಗಿ ಜೋಡಿಸಿ ಪರೀಕ್ಷಿಸಬೇಕು. ಪೆಟ್ಟಿಗೆಯ ಹಿಂಬದಿಯ ಚಿಕ್ಕ ಸ್ವಿಚ್ಚು ಗುಡಿಸುವಾಗ ತಗುಲಿ ಆರಿರುವುದೂ ಉಂಟು. ಇವೆಲ್ಲ ಸರಿಯಿದ್ದರೆ ವಿದ್ಯುತ್ ಘಟಕವನ್ನೇ ಬದಲಿಸಿ ನೋಡಬೇಕಾಗುತ್ತದೆ. ಆ ಘಟಕವನ್ನು ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಮೊದಲು ಮಾನಿಟರಿನ ಕೇಬಲ್ಲನ್ನು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲು ಆ ಕಾರ್ಡಿಗೇ ಸೇರಿರಬೇಕು. ಕೆಲವು ಯಂತ್ರಗಳು ಈ ಹಂತದಲ್ಲಿ ಬೀಪ್ ಸದ್ದಿನ ಮೂಲಕ ದೋಷವನ್ನು ಸೂಚಿಸುತ್ತವೆ. ಸದ್ದಿನ ಸಂಖ್ಯೆಗೆ ಒಬ್ಬೊಬ್ಬ ತಯಾರಕರು ಒಂದೊಂದು ಅರ್ಥ ಕೊಟ್ಟಿರುವುದರಿಂದ ಕೈಪಿಡಿಯನ್ನು ನೋಡದೆ ತೀರ್ಮಾನಕ್ಕೆ ಬರುವುದು ತರವಲ್ಲ. ಆದರೂ ಇಲ್ಲಿ ಮೊದಲು ಪರೀಕ್ಷಿಸಬೇಕಾದುದು ರ‍್ಯಾಮ್ ಪಟ್ಟಿಯನ್ನು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳ ತೇವದ ಹವೆಗೆ, ಎಲ್ಲೆಡೆಯ ಧೂಳಿಗೆ ಅದರ ಅಂಚಿನ ಲೋಹದ ಸಂಪರ್ಕಗಳು ಮಸುಕಾಗುತ್ತವೆ. ಪ್ಲಗ್ ತೆಗೆದು, ಚಾಲನೆಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಬಳಿಕವೇ ಪಟ್ಟಿಗೆ ಕೈ ಹಾಕಬೇಕು. ಅದನ್ನು ಹೊರತೆಗೆದು, ಮೆತ್ತನೆಯ ಒಣ ಬಟ್ಟೆಯಿಂದ ಅಂಚನ್ನು ಒರೆಸಿ, ಕೊಂಡಿ ಟಿಕ್ಕೆನ್ನುವವರೆಗೆ ಮತ್ತೆ ಅದುಮಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಪ್ರತಿಸಲವೂ ದಿನಾಂಕವು ಹಳೆಯ ವರ್ಷಕ್ಕೆ ಮರಳುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುವ ಸಂಭವ ಹೆಚ್ಚು. ಸಾಮಾನ್ಯವಾಗಿ ಅದು ಸಿ.ಆರ್. 2032 ಬಗೆಯದು, ಬೆಲೆ ಅತ್ಯಲ್ಪ.

ಚಾಲನೆಗೆ ಡಿಸ್ಕ್ ದೊರೆಯಲಿಲ್ಲವೆಂಬ ಸೂಚನೆ ಬಂದಾಗ ಯಂತ್ರಕ್ಕೆ ಸಿಕ್ಕಿಸಿ ಮರೆತ ಪೆನ್‌ಡ್ರೈವ್ ಇದ್ದರೆ ತೆಗೆಯಬೇಕು. ಅನಂತರ ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುವುದೇ ಎಂದು ನೋಡಬೇಕು. ಕಾಣದಿದ್ದರೆ ಕೇಬಲ್ಲು ಸಡಿಲವಾಗಿರಬಹುದು. ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಚಾಲನೆಗೊಳಿಸುವುದನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಪ್ರತಿ ಪ್ರಯತ್ನದಲ್ಲೂ ಉಳಿದ ಮಾಹಿತಿಗೆ ಹಾನಿ ತಗಲುತ್ತದೆ.

ವಿಂಡೋಸ್ ಆರಂಭವಾಗುತ್ತಿದ್ದಂತೆ ನೀಲಿ ಪರದೆ ತೋರಿ ಯಂತ್ರ ಮರುಚಾಲನೆಗೊಳ್ಳುವುದು ಬಹುತೇಕ ಜನರನ್ನು ಗಾಬರಿಗೊಳಿಸುವ ಸ್ಥಿತಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಇದೇ ಸ್ಥಿತಿಗೆ ಬಂದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆ ಯಂತ್ರಗಳ ಡಿಸ್ಕುಗಳು ಕೆಟ್ಟಿರಲಿಲ್ಲ. ಅತ್ಯಗತ್ಯ ಭಾಗಗಳನ್ನಷ್ಟೇ ನಡೆಸುವ 'ಸೇಫ್ ಮೋಡ್' ಮುಂತಾದ ವಿಧಾನಗಳಿಂದ ಒಳಹೊಕ್ಕು ಆ ದೋಷಪೂರಿತ ಕಡತವನ್ನು ಅಳಿಸಿದಾಗ ಅವು ಸರಿಹೋದವು. ಹೊಸದಾಗಿ ಸೇರಿಸಿದ ತಂತ್ರಾಂಶದಿಂದ ತೊಂದರೆಯಾದಾಗ ಮನೆಯ ಯಂತ್ರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ವಿದ್ಯುತ್ ಘಟಕ, ರ‍್ಯಾಮ್ ಅಥವಾ ಮದರ್‌ಬೋರ್ಡ್ ಕೆಟ್ಟಿದ್ದರೂ ಡಿಸ್ಕು ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತದೆ. ಅದನ್ನು ಬಿಡಿಸಿ ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಂಡ ಮೇಲೆಯೇ ದುರಸ್ತಿಗೆ ಒಪ್ಪಿಸುವುದು ಉಚಿತ. ವಿಂಡೋಸ್‌ನ ಬಿಟ್‌ಲಾಕರ್ ರಕ್ಷಣೆಯಿರುವ ಡಿಸ್ಕನ್ನು ಹೀಗೆ ಬೇರೆಡೆ ತೆರೆಯುವಾಗ 48 ಅಂಕಿಗಳ ಸಂಖ್ಯೆಯೊಂದನ್ನು ಕೇಳಲಾಗುತ್ತದೆ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಬೇರೆಡೆ ಇರಿಸಿರಬೇಕು.