ಬೆನ್ನಿನ ಸಿಮೆಂಟು ಎದೆಗೆ ಬಂದಾಗ

ಹೋದ ಸುಗ್ಗಿಯಲ್ಲಿ ಮುಳವಾಡದ ಕಡೆಯ ಹಿರಿಯ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಕುಸಿದ ಬೆನ್ನೆಲುಬಿಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಿಮೆಂಟು ತುಂಬಿಸಿಕೊಂಡು ಐದಾರು ದಿನಗಳಾಗಿದ್ದವು. ಬೆನ್ನುನೋವು ಇಳಿದಿತ್ತು, ಆದರೆ ಎದೆಯಲ್ಲಿ ಚುಚ್ಚು, ನಾಲ್ಕು ಹೆಜ್ಜೆಗೆ ಏದುಸಿರು. "ವಾಯು ಆಗೇದ್ರಿ, ಒಂದಿಷ್ಟು ಚೂರ್ಣ ಕೊಡ್ರಿ" ಎಂದರು. ಚೂರ್ಣ ಕೊಡುವುದು ನಮಗೆ ಸುಲಭವಿತ್ತು. ಕೊಡದೆ ಅಂದೇ ವಿಜಯಪುರದ ಹೃದಯತಜ್ಞರ ಬಳಿಗೆ ಕಳುಹಿಸಿದೆವು. ಶ್ವಾಸಕೋಶದ ರಕ್ತನಾಳದಲ್ಲಿ ಸಿಮೆಂಟಿನ ತುಣುಕು ಸಿಕ್ಕಿಕೊಂಡಿದ್ದುದು ಸ್ಕ್ಯಾನಿನಲ್ಲಿ ಕಂಡಿತು. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟರು; ತಾಯಿ ಚೇತರಿಸಿಕೊಂಡರು.

ಇದು ಮನೆ ಕಟ್ಟುವ ಸಿಮೆಂಟಲ್ಲ, ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಂಟು. 1984ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಮೊದಲು ಸೂಜಿಯ ಮೂಲಕ ಬೆನ್ನೆಲುಬಿಗೆ ತುಂಬಿದರು. ಎಲುಬಿನೊಳಗೆ ಪುಟ್ಟ ಬಲೂನು ಉಬ್ಬಿಸಿ, ಆದ ಜಾಗದಲ್ಲಿ ತುಂಬುವ ಪದ್ಧತಿ ಆಮೇಲೆ ಬಂತು. ಒಳಗೆ ಹೋಗುವಾಗ ಹಲ್ಲುಜ್ಜುವ ಪೇಸ್ಟಿನಂತಿದ್ದು, ಕೆಲವೇ ನಿಮಿಷಗಳಲ್ಲಿ ಕಲ್ಲಾಗುತ್ತದೆ. ತೀರ ತೆಳುವಾಗಿದ್ದರೆ ಅಥವಾ ಹೆಚ್ಚು ಒತ್ತಡದಿಂದ ತುಂಬಿದರೆ ಬೆನ್ನೆಲುಬಿನ ಸಿರೆಗಳಿಗೆ ನುಗ್ಗಿ, ಮಹಾಸಿರೆಯ ಮೂಲಕ ಹೃದಯದ ಬಲಭಾಗಕ್ಕೂ ಅಲ್ಲಿಂದ ಶ್ವಾಸಕೋಶಕ್ಕೂ ಸಾಗಬಲ್ಲದು. ಸೋರಿದ ಚೂರು ಬಹುಪಾಲು ಜನರಿಗೆ ತೊಂದರೆ ಕೊಡದು. ಆದರೆ ಗಟ್ಟಿಯಾದ ಚೂಪು ತುಂಡು ಹೃದಯದ ಗೋಡೆಯನ್ನೇ ತೂರಿದ ಪ್ರಸಂಗಗಳಿವೆ. 2021ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಬ್ಬ ರೋಗಿಗೆ 56 ವರ್ಷ. ಚಿಕಿತ್ಸೆಯಾಗಿ ವಾರದಲ್ಲೇ ಎದೆನೋವು. ಶಸ್ತ್ರಚಿಕಿತ್ಸೆಯಲ್ಲಿ ಹೃದಯದಿಂದ ತೆಗೆದ ತುಂಡಿನ ಉದ್ದ ಸುಮಾರು 10 ಸೆಂ.ಮೀ.!

ಆದ್ದರಿಂದ ಈ ಚಿಕಿತ್ಸೆಯಾದವರಿಗೆ ಏದುಸಿರು, ಎದೆನೋವು, ಎದೆಬಡಿತ, ಬವಳಿ ಕಂಡರೆ, ದಿನಗಳೇ ಕಳೆದಿರಲಿ, ವಾಯುವೆಂದು ಕೂರಬಾರದು. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಜೊತೆಗೊಯ್ದು, ಸಿಮೆಂಟು ಹಾಕಿದ್ದನ್ನು ಮೊದಲ ಮಾತಿನಲ್ಲೇ ಹೇಳಬೇಕು. ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯದೆಯೂ ಹೋಗಬಹುದು.

ಚಿಕಿತ್ಸೆಗೆ ಮುನ್ನ ಅದು ನಿಜವಾಗಿ ಬೇಕೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಸಿಮೆಂಟು ತುಂಬಿದವರಿಗೂ, ತುಂಬಿದಂತೆ ನಟಿಸಿದವರಿಗೂ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಕೆಲವರಿಗೆ ಇದು ಉಪಯುಕ್ತವೆಂಬ ವಾದ ಇಂದಿಗೂ ಇದೆ.

ನಮ್ಮವರ ತಪ್ಪನ್ನೂ ಹೇಳಬೇಕು. ಬಿದ್ದು ಬೆನ್ನು ಹಿಡಿದ ವೃದ್ಧರಿಗೆ ಎಕ್ಸ್‌ರೇ ತೆಗೆಸದೆಯೇ ಎಣ್ಣೆ ಹಚ್ಚಿ ತಿಕ್ಕುವವರು, ಬೆನ್ನು ತುಳಿಸುವವರು ಇನ್ನೂ ಇದ್ದಾರೆ. ಟೊಳ್ಳಾದ ಎಲುಬು ಅದರಿಂದ ಮತ್ತಷ್ಟು ಕುಸಿಯುತ್ತದೆ. ಅಭ್ಯಂಗ, ಕಟಿಬಸ್ತಿಗಳ ಮಾತು ಎಲುಬು ಮುರಿದಿಲ್ಲವೆಂದು ಖಚಿತವಾದ ಮೇಲೆ.