ಕೂಡ್ಲಿಗಿಯ ಕಡತ ಎಲ್ಲಿ ಅಡಗಿದೆ?

ಪ್ರಶ್ನೆ: ಪತ್ರಾಗಾರದ ಜಾಲತಾಣದಲ್ಲಿ ‘ಕೂಡ್ಲಿಗಿ’ ಎಂದು ಹುಡುಕಿದರೆ ಹಳೆಯ ಕಂದಾಯ ಕಡತಗಳು ಸುಲಭವಾಗಿ ಸಿಗುವುದಿಲ್ಲವೇಕೆ?

ಪತ್ರಾಗಾರಗಳು ಸಾಮಾನ್ಯವಾಗಿ ಕಡತಗಳನ್ನು ಊರಿನ ಹೆಸರಿನಡಿ ಇಡುವುದಿಲ್ಲ. ಬರೆದ ಕಚೇರಿಯ ಹೆಸರಿನಡಿ ಇಡುತ್ತವೆ. 1953ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಆಗ ಆ ಜಿಲ್ಲೆಯಲ್ಲಿದ್ದ ಕೂಡ್ಲಿಗಿ, ಹಡಗಲಿಯ ಅಲ್ಲಿಯವರೆಗಿನ ಸಂಗತಿಗಳನ್ನು ಮದ್ರಾಸಿನ ರೆವೆನ್ಯೂ ಬೋರ್ಡಿನ ನಡಾವಳಿಗಳಲ್ಲಿ ಹುಡುಕಬೇಕು. ಹರಪನಹಳ್ಳಿಯದು ಇನ್ನೂ ಗೋಜಲು: 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು!

ಪತ್ರಾಗಾರದ ತಾಣದ ಒಳ್ಳೆಯ ಸೂಚಿಪುಟ ಬಸ್ಸಿನ ಮಾರ್ಗಫಲಕವಿದ್ದಂತೆ. ಸರ್ಕಾರ, ಇಲಾಖೆ, ಜಿಲ್ಲೆ, ವರ್ಷ, ಕಡತ ಎಂದು ಬಂದ ದಾರಿಯನ್ನು ಪುಟದ ಮೇಲ್ಭಾಗದಲ್ಲೇ ಸಾಲಾಗಿ ತೋರಿಸುತ್ತದೆ. ಯಾವ ಹೆಸರನ್ನು ಒತ್ತಿದರೂ ಆ ಹಂತಕ್ಕೆ ಮರಳಬಹುದು. ಬ್ರಿಟಿಷರು ಬರೆದ ‘ಹರ್ಪನಹಳ್ಳಿ’, ‘ಹಡಗಲ್ಲಿ’ಗಳನ್ನು ಇಂದಿನ ಹೆಸರಿಗೆ ಬೆಸೆದಿರಲೇಬೇಕು.

ಈ ಅನುಕೂಲವಿಲ್ಲದ ತಾಣದಲ್ಲಿ ‘ಬಳ್ಳಾರಿ’ಯಿಂದ ಹೊರಟು, ವರ್ಷ ಹಿಡಿದು ಕೆಳಗಿಳಿಯುವುದೇ ದಾರಿ.